ಅರ್ಧ ತೊಳೆದ ಶಾಂಡಲಿಯರ್

...ಹೂಂ ಕಣೇ, ಬಾತ್‌ರೂಮಲ್ಲೇ. ಒಂದೇ ಮಾತನ್ನ ಎಷ್ಟು ಸಲ ಹೇಳಿಸ್ತೀಯ? ಅಮ್ಮನ ಕಾಲು ಜಾರಿತು, ಬಿದ್ಲು. ಎರಡು ದಿನದಿಂದ ಆಸ್ಪತ್ರೆ ಬೆಂಚಿನ ಮೇಲೆ ಕೂತು ನನ್ನ ಸೊಂಟ ಬಿದ್ದುಹೋಗಿದೆ, ನೀನು ಈಗ ಬಸ್ಸಿಳಿದು ಬಂದು ಅಕ್ಕನ ವಿಚಾರಣೆ ಶುರು ಮಾಡಿದೀಯ. ಅಮ್ಮನ ಬಟ್ಟೆ ಚೀಲಕ್ಕೆ ಹಾಕು, ಹೋಗೋಣ. ಕನ್ನಡಕ ಮರೀಬೇಡ. ಎಚ್ಚರ ಆದ ತಕ್ಷಣ ಕೇಳೋದು ಅದನ್ನೇ, ನಮ್ಮನ್ನಲ್ಲ.

ಡಾಕ್ಟರಾ? ಕೇಳಿದ್ದನ್ನೇ ಕೇಳ್ತಾರೆ. ಎಷ್ಟು ಎತ್ತರದಿಂದ ಬಿದ್ರು, ಬೆನ್ನಿಗೆ ಇಷ್ಟು ಏಟು ಹೇಗಾಯ್ತು ಅಂತ. ಸರಿಯಾಗಿ ಹೇಳಿದ್ರೆ ಒಳಗೆ ಎಲ್ಲೆಲ್ಲಿ ನೋಡಬೇಕು ಅಂತ ಗೊತ್ತಾಗುತ್ತಂತೆ. ನಿಂತಲ್ಲೇ ಬಿದ್ಲು ಅಂದೆ. ಹೇಳಿದ್ದಾಯ್ತಲ್ಲ.

ಏನು ಮೇಲೆ ನೋಡ್ತಿದೀಯ? ಶಾಂಡಲಿಯರ್ ಅದೇ ಕಣೇ. ಹಳೇ ಹೋಟೆಲ್ ಕೆಡವಿದಾಗ, ಮೂವತ್ತು ವರ್ಷ ಅಲ್ಲಿ ಪರದೆ ಹೊಲಿದೀನಿ, ಇದೊಂದು ಕೊಡಿ ಅಂತ ಹಟ ಮಾಡಿ ತಂದಳಲ್ಲ, ಅದೇ. ಬಾಡಿಗೆ ಮನೆಗೆ ಅರಮನೆ ದೀಪ ಅಂತ ಅಪ್ಪ ನಗ್ತಿದ್ರು. ಹರಳಿನ ಕೊಂಡಿಗಳಿಗೆ ತುಕ್ಕು ಹಿಡಿದಿದೆ ಅಂತ ಒಂದೊಂದನ್ನೂ ಹೊಲಿಗೆ ದಾರದಲ್ಲಿ ಕಟ್ಟಿದವಳು ಪ್ರಪಂಚದಲ್ಲಿ ಇವಳೊಬ್ಬಳೇ ಇರಬೇಕು.

ಅರ್ಧ ಫಳಫಳ, ಅರ್ಧ ಧೂಳು... ಓ, ಅದಾ. ನಾನೇ ತೊಳೆದೆ. ನಿನ್ನೆ. ಅಮ್ಮ ಬರೋ ಹೊತ್ತಿಗೆ ಚೊಕ್ಕಟವಾಗಿರಲಿ ಅಂತ. ಸುಸ್ತಾಯ್ತು, ಬಿಟ್ಟೆ. ಯಾಕೆ ನಗ್ತೀಯ? ಸರಿಯಮ್ಮ, ನಾನು ಪುಕ್ಕಲಿ, ಎರಡನೇ ಮೆಟ್ಟಿಲಲ್ಲೇ ತಲೆ ಸುತ್ತುತ್ತೆ. ಆದ್ರೂ ಹತ್ತಿದೆ.

ಆ ಏಣಿ ಯಾಕೆ ಎಳೀತಿದೀಯ ಈಗ? ಅಯ್ಯೋ, ಹತ್ತೇಬಿಟ್ಟೆಯಾ? ಇಳಿಯೇ. ಹೊತ್ತಾಯ್ತು, ಇಳಿ, ನಿನಗೆ ಕೈ ಮುಗೀತೀನಿ... ಇರು, ಅಲ್ಲಾಡಬೇಡ, ಹಿಡ್ಕೋತೀನಿ.

ಹೌದು, ದಾರ ಹೊಸದು. ತೊಳೆದ ಮೇಲೆ ಹಳೇ ದಾರ ಯಾರು ಕಟ್ತಾರೆ? ಗಂಟೂ ನಾನೇ ಹಾಕಿದ್ದು. ಅಮ್ಮನ ಗಂಟಿನ ಥರಾನೇ ಇದ್ರೆ ಏನೀಗ? ಮಗಳಲ್ವಾ ನಾನು, ಅಷ್ಟೂ ಬರಲ್ವಾ?

ಸದ್ಯ, ಇಳಿದೆಯಲ್ಲ... ಏನಿದು ನನ್ನ ಕೈಗೆ? ಹರಳು, ದಾರ. ಈಗ ಕಟ್ಟಿ ತೋರಿಸಬೇಕಾ? ಒಳ್ಳೇ ಪರೀಕ್ಷೆ ಕಣೇ ನಿಂದು. ಕಟ್ತೀನಿ. ಹೀಗೆ ಎರಡು ಸುತ್ತು, ಆಮೇಲೆ ಒಳಗಿಂದ... ಅಲ್ಲ, ಕೆಳಗಿಂದ... ತಾಳು. ಬಿಚ್ಕೊಂಡುಬಿಡ್ತು. ಇನ್ನೊಂದ್ಸಲ. ಎರಡು ಸುತ್ತು...

ಬೈದುಬಿಡು ಬೇಕಾದ್ರೆ. ಹಾಗೆ ನನ್ನ ಬೆರಳನ್ನೇ ನೋಡಬೇಡ ಕಣೇ.

ಬರಲ್ಲ. ನನಗೆ ಆ ಗಂಟು ಬರಲ್ಲ. ಅವಳೊಬ್ಬಳಿಗೇ ಬರೋದು.

ಡಾಕ್ಟರಿಗೆ ಫೋನ್ ಮಾಡು. ಎಂಟಡಿ ಏಣಿ ಮೇಲಿಂದ ಬಿದ್ಲು ಅಂತ ಹೇಳು. ಬೇಡ, ಇಲ್ಲಿ ಕೊಡು, ನಾನೇ ಹೇಳ್ತೀನಿ. ಎರಡು ದಿನ ಹೇಳದೆ ಕೂತೆನಲ್ಲೇ, ಎಂಥ ಪಾಪಿ ನಾನು... ಏಣಿ ನಾನೇ ಹಿಡಿದಿದ್ದೆ. ಒಲೆ ಮೇಲೆ ಹಾಲು ಉಕ್ಕಿದ ಸದ್ದಾಯ್ತು, ಬಿಟ್ಟು ಓಡಿದೆ. ಅಷ್ಟರಲ್ಲಿ ಅಮ್ಮ ಮೇಲಿಂದ "ಹಿಡ್ಕೊಂಡಿದೀಯೇನೇ?" ಅಂತ ಕೂಗಿದ್ಲು. ನಾನು ಅಡುಗೆಮನೆಯಿಂದಲೇ "ಹೂಂ ಅಮ್ಮ" ಅಂದೆ.