ಉಗುರಿನ ಬಣ್ಣ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ವಾರ್ಡಿನ ಸಿಸ್ಟರುಗಳೇ, ಊರುಗೋಲು ಊರಿಕೊಂಡೇ ಬಂದು ಕೂತಿರುವ ಸಭಿಕರೇ,

ಮೂವತ್ತೊಂದು ವರ್ಷ ನಮ್ಮ ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ದುಡಿದು ಇಂದು ನಿವೃತ್ತರಾಗುತ್ತಿರುವ, ನಾವೆಲ್ಲ ಪ್ಲಾಸ್ಟರಣ್ಣ ಎಂದೇ ಕರೆಯುವವರ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀರಿ. ಅವರ ಕುರ್ಚಿ ಖಾಲಿ ಇದೆ. ಯಾರೋ ಮಣಿಕಟ್ಟು ಮುರಿದುಕೊಂಡು ಬಂದರಂತೆ, ಸನ್ಮಾನ ಆಮೇಲೆ ಎಂದು ಎದ್ದು ಹೋದರು. ಅವರ ಸರ್ವೀಸು ಇನ್ನು ಉಳಿದಿರುವುದು ಒಂದೂವರೆ ಗಂಟೆ.

ಉಳಿದ ವೈದ್ಯರು ನಮ್ಮಂಥ ಮೂಳೆ ಡಾಕ್ಟರುಗಳನ್ನು ಬಡಗಿಗಳು ಎಂದು ಛೇಡಿಸುತ್ತಾರೆ. ಸುತ್ತಿಗೆ, ಗರಗಸ, ಸ್ಕ್ರೂ ನಮ್ಮಲ್ಲೂ ಇವೆ, ನಿಜ. ಆದರೆ ಬಡಗಿಗೆ ನಮ್ಮಷ್ಟು ಜಂಭ ಇರುವುದಿಲ್ಲ.

ನನ್ನನ್ನು ಪರಿಚಯಿಸುವಾಗ ಅಧ್ಯಕ್ಷರು, ಇಪ್ಪತ್ತು ವರ್ಷದ ಹಿಂದೆ ನಾನೊಂದು ಹುಡುಗಿಯ ಕೈ ಉಳಿಸಿದ ಕಥೆ ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ. ಆ ಕಥೆಯನ್ನು ಊರಿಗೆಲ್ಲ ಹಂಚಿದವನು ನಾನೇ. ಅದು ಸುಳ್ಳು.

ಒಂಬತ್ತು ವರ್ಷದ ಮಗು. ಉಯ್ಯಾಲೆಯಿಂದ ಬಿದ್ದು ಮೊಣಕೈ ಹತ್ತಿರ ಮೂಳೆ ಮುರಿದಿತ್ತು. ಅದನ್ನು ಕೂಡಿಸಿ, ಪ್ಲಾಸ್ಟರ್ ಹಾಕಿಸಿ ನಾನು ಮೀಟಿಂಗಿಗೆ ಹೊರಟಿದ್ದೆ. ಪ್ಲಾಸ್ಟರಣ್ಣ ಕಾರಿಡಾರಿನಲ್ಲಿ ಅಡ್ಡ ಬಂದರು. "ಸಾರ್, ಮಗು ನೋವು ಅಂತ ಒಂದೇ ಸಮ ಅಳ್ತಿದೆ. ಬೆರಳು ತಣ್ಣಗಿವೆ. ಉಗುರು ಒತ್ತಿ ಬಿಟ್ರೆ ಬಿಳೀನೇ ಇರುತ್ತೆ, ಕೆಂಪು ವಾಪಸ್ ಬರ್ತಿಲ್ಲ. ಪ್ಲಾಸ್ಟರ್ ಬಿಚ್ಚಿಬಿಡೋಣ."

ನಾನೇನು ಹೇಳಿದೆ ಗೊತ್ತೇ? "ಮೂಳೆ ಮುರಿದ್ರೆ ನೋವಾಗದೆ ಇನ್ನೇನಾಗುತ್ತೆ? ನೀವು ಪುಡಿ ಕಲಸೋ ಕೆಲಸ ನೋಡ್ಕೊಳ್ಳಿ." ಇಬ್ಬರು ಸಿಸ್ಟರುಗಳ ಎದುರಿಗೇ ಹೇಳಿದೆ.

ಮೀಟಿಂಗ್ ಮುಗಿಸಿ ಬಂದರೆ ಪ್ಲಾಸ್ಟರು ಮೇಲಿಂದ ಕೆಳಗಿನವರೆಗೆ ಸೀಳಿತ್ತು, ಒಳಗಿನ ಹತ್ತಿಯೂ ಸೇರಿ. ಮಗು ನಿದ್ದೆ ಹೋಗಿತ್ತು. ಐದೂ ಉಗುರು ಕೆಂಪಗಿದ್ದವು. ಇನ್ನಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ ರಕ್ತ ಹರಿಯದೆ ಆ ಕೈ ಮುರುಟಿಹೋಗುತ್ತಿತ್ತು. ನೋಡಿದ ಕೂಡಲೇ ನನಗದು ಗೊತ್ತಾಯಿತು. ತಾಯಿ ಹೆದರಬಾರದೆಂದು ಪ್ಲಾಸ್ಟರಣ್ಣ, "ಡಾಕ್ಟರೇ ಬಿಚ್ಚೋಕೆ ಹೇಳಿದಾರಮ್ಮ" ಎಂದಿದ್ದರಂತೆ. ಆ ತಾಯಿ ನನ್ನ ಎರಡೂ ಕೈ ಹಿಡಿದು ಅತ್ತಳು. ನಾನು ಅಲ್ಲ ಎನ್ನಲಿಲ್ಲ. ಅದೇ ಸಂಜೆ, ಆದೇಶ ಮೀರಿ ಪ್ಲಾಸ್ಟರ್ ಕತ್ತರಿಸಿದ್ದಾರೆ ಎಂದು ಅವರ ಮೇಲೆ ಮೆಮೊ ಬರೆದೆ.

ಆ ಮೆಮೊದಿಂದಾಗಿ ಎರಡು ಸಲ ಅವರ ಬಡ್ತಿ ತಪ್ಪಿತು. ಅವರಿಂದ ಕೆಲಸ ಕಲಿತವರೇ ಅವರಿಗೆ ಮೇಲಧಿಕಾರಿಗಳಾದರು. ಎರಡು ಸಲವೂ ಬಡ್ತಿ ತಡೆದ ಕಾಗದಕ್ಕೆ ಸಹಿ ಹಾಕಿದ್ದು ಈ ಕೈ. ಅವರು ಒಂದು ದಿನವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ನನಗೆ ನಾಚಿಕೆಯಾಗುತ್ತದೆ.

ಮೆಮೊ ತಪ್ಪೆಂದು ಒಪ್ಪಿಕೊಂಡು ಬರೆದ ಪತ್ರ ಜೇಬಿನಲ್ಲಿದೆ. ಅವರ ಎದುರಿಗೇ ಓದಬೇಕು ಎಂದುಕೊಂಡು ಬಂದಿದ್ದೆ. ಅವರು ಎದ್ದು ಹೋದಾಗ ಅಧ್ಯಕ್ಷರು, "ಕಾಯೋಣವಾ ಸಾರ್?" ಎಂದು ಕೇಳಿದರು. ಬೇಡ, ಶುರು ಮಾಡಿಬಿಡೋಣ ಎಂದವನು ನಾನು. ಇವತ್ತೂ ನೋಡಿ, ಅವರಿಲ್ಲದ ಹೊತ್ತು ನೋಡಿ ಬಾಯಿ ಬಿಟ್ಟಿದ್ದೇನೆ.

ಪ್ಲಾಸ್ಟರ್ ಗಟ್ಟಿಯಾಗುವವರೆಗೆ ಅವರು ರೋಗಿಯನ್ನು ಬಿಟ್ಟು ಕದಲುವುದಿಲ್ಲ, ಉಗುರು ಒತ್ತಿ ನೋಡುತ್ತ ಅಲ್ಲೇ ಇರುತ್ತಾರೆ. ಅಲ್ಲಿಗೆ ಹೋಗುತ್ತೇನೆ. ಉಳಿದ ಮಾತನ್ನು ಅಲ್ಲೇ ಆಡಬೇಕು. ಇಷ್ಟು ಹೊತ್ತು ಕೇಳಿಸಿಕೊಂಡದ್ದಕ್ಕೆ ವಂದನೆಗಳು. ದಯವಿಟ್ಟು ಚಪ್ಪಾಳೆ ತಟ್ಟಬೇಡಿ. ನಮಸ್ಕಾರ.