ಮಾಯವಾದ ಪಟ್ಟಿ

ಲಿಫ್ಟಿಗೆ ಕಾಯುತ್ತಿದ್ದೆ. ನನ್ನ ಮುಂದೆ ಪ್ರಯೋಗಾಲಯದ ಬಿಳಿ ಕೋಟು ತೊಟ್ಟ ಇಬ್ಬರು ಹೆಂಗಸರಿದ್ದರು. ಹಿರಿಯಾಕೆಯ ಮುಖ ಕೆಂಡವಾಗಿತ್ತು.

“ನಿನ್ನೆ ಮೊನ್ನೆ ಬಂದವಳು ಕಣೇ! ಜೀವಕೋಶದ ಸುದ್ದಿ ಸಾಗಿಸೋ ಕಿಣ್ವಾನ ಅವಳ ಆಂಟಿಬಾಡಿ ಹಿಡೀತಂತೆ. ಹಿಡಿದ ಗುರುತಾಗಿ ಫಿಲ್ಮಲ್ಲಿ ಮೂಡಿದ ಕಪ್ಪು ಪಟ್ಟಿ ನೋಡಿ ಮೇಡಂ ಕುಣಿದಾಡಿದ್ರು. ಬೇರೇನಕ್ಕೋ ಅಂಟಿರುತ್ತೆ ಅಂತ ನಾನೇ ಗುಟ್ಟಾಗಿ ಪರೀಕ್ಷೆ ಮಾಡ್ದೆ.”

“ಆ ಪೆಪ್ಟೈಡ್ ಬೆರೆಸಿ?”

“ಹೂಂ. ಅದು ಆ ಕಿಣ್ವದ ತುಣುಕಿನದೇ ನಕಲು. ಆಂಟಿಬಾಡಿ ಮೊದಲು ಅದನ್ನೇ ಕಚ್ಚಿಕೊಂಡ್ರೆ ಪಟ್ಟಿ ಮೂಡಬಾರದು. ಮೂಡಿದ್ರೆ ಅವಳದೆಲ್ಲ ಸುಳ್ಳು.”

“ಮೂಡ್ತಾ?”

“ಎಲ್ಲಿ! ಒರೆಸಿಟ್ಟ ಹಾಗೆ ಮಾಯ.”

“ಅಂದ್ರೆ ಅವಳದೇ ಸರಿ!”

“ನೀನೂ ಹೊಟ್ಟೆ ಉರಿಸಬೇಡ.”

“ಅಕ್ಕಾ, ಅದೇ ಪೆಪ್ಟೈಡ್ ಸೀಸೇನ ಅವಳು ಬೆಳಗ್ಗಿಂದ ಹುಡುಕ್ತಿದ್ದಾಳೆ. ಈ ಪರೀಕ್ಷೆ ಇಲ್ಲದೆ ಪತ್ರಿಕೆಯವರು ಅವಳ ಪ್ರಬಂಧ ತಗೊಳ್ಳಲ್ವಂತೆ.”

“ಇದ್ದದ್ದೇ ಅಷ್ಟು. ನನ್ನ ಪರೀಕ್ಷೆಗೇ ಮುಗೀತು.”

“ನಿಮ್ಮ ಜೇಬಲ್ಲಿರೋ ಆ ಪರೀಕ್ಷೆಯ ಫಿಲ್ಮಾದ್ರೂ ಕೊಟ್ಬಿಡಿ.”

“ನನ್ನ ಕೈಯಾರೆ ಅವಳ ತಲೆಗೆ ಕಿರೀಟ ಇಡ್ಲಾ?”

ಲಿಫ್ಟಿನ ಬಾಗಿಲು ತೆರೆಯಿತು. ಒಳಗಿದ್ದ ಬಿಳಿ ಕೋಟಿನ ಹುಡುಗಿ ಪಕ್ಕಕ್ಕೆ ಸರಿದು ನಕ್ಕಳು.

“ಬನ್ನಿ ಅಕ್ಕಾ, ನಿಮ್ಮನ್ನೇ ಹುಡುಕ್ತಿದ್ದೆ. ಕೆಲಸ ಕಲಿಸಿದ್ದು ನೀವಲ್ವಾ, ಪ್ರಬಂಧದಲ್ಲಿ ನಿಮ್ಮ ಹೆಸರೂ ಹಾಕಿದ್ದೀನಿ.”

ಹಿರಿಯಾಕೆ ಕೋಟಿನ ಜೇಬನ್ನು ಅಂಗೈಯಿಂದ ಅದುಮಿಕೊಂಡು ಒಳಹೋದಳು. ಬಾಗಿಲು ಮುಚ್ಚಿತು.