ಕಲ್ಲಿನಲ್ಲಿ ಮೂರು ತಪ್ಪು

ಅಲ್ಲ ಅಲ್ಲ, ಅಜ್ಜ... 'ಅ' ಅಲ್ಲ, 'ಹ'. ಹ... ಹ... ಕನ್ನಡಿ ನಾನೇ ಹಿಡ್ಕೋತೀನಿ, ನೋಡಿ. ಹೊಟ್ಟೆಯಿಂದ ಉಸಿರು ತಳ್ಳಬೇಕು, ಗಾಜಿನ ಮೇಲೆ ಆವಿ ಕೂರಬೇಕು. ಹ. ಕಾಣಿಸ್ತಾ? ಈಗ ನಿಮ್ಮ ಸರದಿ.

ಮತ್ತೆ ಅ. ಇರ್ಲಿ ಬಿಡಿ... ಯಾಕೆ ಮುಖ ಆ ಕಡೆ ತಿರುಗಿಸ್ಕೊಂಡ್ರಿ? ನಾನೇನು ಬೈದೆನಾ? ಕ್ರಿಸ್ಮಸ್ ದಿನಾನೂ ಈ ಹುಡುಗಿ ಪ್ರಾಣ ತಿಂತಾಳೆ ಅಂತ ಅನ್ಕೋತಿದೀರ, ಗೊತ್ತು ನಂಗೆ. ಏನ್ ಮಾಡೋದು, ಇವತ್ತು ಈ ವೃದ್ಧಾಶ್ರಮಕ್ಕೆ ಕೆಲಸಕ್ಕೆ ಬರ್ತೀನಿ ಅಂದವಳು ನಾನೊಬ್ಳೇ. ಮಾತಿನ ಚಿಕಿತ್ಸೆ ಕಲಿಯೋಕೆ ಬಂದವರು ಒಂಬತ್ತು ಜನ ಇದೀವಿ. ಎಂಟು ಜನ ಮನೆಗೆ ಹೋದ್ರು. ನಮ್ಮೂರು ದೂರ, ಎರಡು ವಿಮಾನ ಹತ್ತಿ ಇಳೀಬೇಕು ಅಂತ ಎಲ್ರಿಗೂ ಹೇಳಿದೀನಿ. ದೂರ ಇರೋದು ನಿಜಾನೇ.

ಬಾಯಿ ತೆಗೀರಿ, ಸೂಪು ಆರಿ ಹೋಗತ್ತೆ. ಒಂದೊಂದೇ ಚಮಚ. ನುಂಗಿ... ಗದ್ದ ಕೆಳಗೆ ಮಾಡ್ಕೊಂಡು ನುಂಗಿ. ಹಾಂ, ಜಾಣ.

ನಿಮಗೆ ಕನ್ನಡ ಬರಲ್ಲ. ಲಕ್ವ ಹೊಡೆದ ಮೇಲೆ ನಿಮ್ಮ ಭಾಷೆನೂ ಅಷ್ಟಕ್ಕಷ್ಟೇ. ದೊಡ್ಡ ನರ್ಸ್ ಹೇಳಿದಾರೆ, ಯಾವ ಭಾಷೆಯಾದ್ರೂ ಸರಿ, ಮನುಷ್ಯರ ದನಿ ಅವರ ಕಿವಿಗೆ ಬೀಳ್ತಾ ಇರ್ಲಿ ಅಂತ. ಬೀಳ್ತಾ ಇರ್ಲಿ. ನಂಗೂ ಫೋನಲ್ಲಿ ಬಿಟ್ರೆ ಎದುರಾಎದುರು ಕೂತು ಕನ್ನಡ ಮಾತಾಡಿ ತಿಂಗಳುಗಟ್ಟಲೆ ಆಯ್ತು.

ಅದಾ? ಅದು ನನ್ನ ಫೋನು. ಹಾಡು ಕೇಳಿಸ್ತಿದೆ ಅಲ್ವಾ, ಊರಲ್ಲಿ ನಮ್ಮ ಚರ್ಚ್ ಸಭೆಯವರು. ಅಲ್ಲಿ ಸಂಜೆ ಆರಾಧನೆ ನಡೀತಿದೆ. ಕೇಳಿ, ಹಾರ್ಮೋನಿಯಂ ಮುಂದೆ, ಜನ ಹಿಂದೆ. ನಾನು ಹುಟ್ಟಿದಾಗಿಂದ ಹಾಗೇ, ಒಂದು ದಿನ ಒಟ್ಟಿಗೆ ಮುಗಿಸಿದ್ದಿಲ್ಲ. ಅಮ್ಮ ಅಲ್ಲಿ ಫೋನ್ ಹಿಡ್ಕೊಂಡು ಕೂತಿದಾಳೆ. "ಕಟ್ ಮಾಡ್ಬೇಡ, ಒಂದ್ಸಲ ಹೋದ್ರೆ ಮತ್ತೆ ಲೈನ್ ಸಿಗಲ್ಲ, ಹಾಡು ಮುಗಿದ ಮೇಲೆ ಪಾಸ್ಟರ್ ನಿನ್ನ ಹೆಸರು ಕರೀತಾರೆ" ಅಂದಿದಾಳೆ. ಈ ಕಡೆ ಮ್ಯೂಟ್ ಒತ್ತಿ ಇಟ್ಟಿದೀನಿ. ಕೈಗೆ ಈ ಗ್ಲೌಸ್ ಬೇರೆ, ಹತ್ತು ಸಲ ಒತ್ತಿದ್ರೆ ಒಂದ್ಸಲ ತಗೊಳತ್ತೆ ಹಾಳಾದ್ದು. ಆರು ಚರಣದ ಹಾಡು, ಇನ್ನೂ ಎರಡನೇದರಲ್ಲಿದಾರೆ. ಟೈಮಿದೆ.

ಯಾತಕ್ಕೆ ಕರೀತಾರೆ ಅಂತಾನಾ?

ನಮ್ಮಪ್ಪ ಹೋಗಿ ಇವತ್ತಿಗೆ ಒಂದು ವರ್ಷ. ಹೋದ ಕ್ರಿಸ್ಮಸ್ ದಿನ, ಆಸ್ಪತ್ರೆಲಿ. ಪ್ರಾಣ ಹೋಗೋ ಮುಂಚೆ ನಂಗೆ ಫೋನ್ ಮಾಡಿ, ಪ್ರಾರ್ಥನೆ ಮಾಡಿ, ಒಂದು ಮಾತು ಹೇಳಿದ್ರು. ಕೊನೇ ಮಾತು. ಇವತ್ತು ಚರ್ಚ್ ಹಿಂದಿರೋ ಸಮಾಧಿಗೆ ಕಲ್ಲು ನಿಲ್ಲಿಸ್ತಾರೆ. ಆ ಮಾತನ್ನ ನಾನೇ ಸಭೆಗೆ ಹೇಳ್ಬೇಕಂತೆ, ಫೋನನ್ನ ಮೈಕಿಗೆ ಹಿಡೀತಾರಂತೆ. "ಅಪ್ಪ ಹೇಗೆ ಹೇಳಿದ್ರೋ ಹಾಗೇ ಹೇಳು" ಅಂದ್ಲು ಅಮ್ಮ. ಹಾಗೇ ಹೇಳು... ಎರಡು ಸಲ ಅಂದ್ಲು.

ಕೇಳ್ತೀರಾ? "ಹೆದರಬೇಡ ಮಗಳೇ, ಹಗಲು ಹತ್ತಿರ ಇದೆ." ಅಷ್ಟೇ. ಚೆನ್ನಾಗಿದೆ ಅಲ್ವಾ? ಪಾಸ್ಟರ್ ಮೂರು ಭಾನುವಾರ ಇದರ ಮೇಲೇ ಪ್ರಸಂಗ ಮಾಡಿದ್ರಂತೆ. ಯಾರಾದ್ರೂ ಹಾಸಿಗೆ ಹಿಡಿದ್ರೆ ಸಭೆಯ ಹೆಂಗಸರು ಹೋಗಿ ತಲೆ ಸವರಿ ಇದನ್ನೇ ಹೇಳ್ತಾರಂತೆ, ನಮ್ಮ ದರ್ಜಿ ಅಣ್ಣ ಸಾಯೋವಾಗ ಹೇಳಿದ್ದು ಅಂತ. ಅಪ್ಪ ದರ್ಜಿ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಕೊಂಡೇ ಊರ ಸುದ್ದಿಯೆಲ್ಲ ಮಾತಾಡೋರು.

ನಿನ್ನೆ ಅಮ್ಮ ಕಲ್ಲಿನ ಫೋಟೋ ಕಳಿಸಿದ್ಲು. ನೋಡಿ ಮೈ ಉರೀತು. ಒಂದೇ ಒಂದು ಸಾಲು, ಅದರಲ್ಲಿ ಮೂರು ತಪ್ಪು! ಒಂದು ಕಡೆಯಂತೂ ಅರ್ಥಾನೇ ತಲೆಕೆಳಗು. ಕೆತ್ತೋನಿಗೆ ಅಕ್ಷರ ಬರದಿದ್ರೆ ಬೇಡ, ಬರೆದುಕೊಟ್ಟಿದ್ದನ್ನ ನೋಡಿ ಕೆತ್ತೋಕೂ ಬರಲ್ವಾ? ಕೂಗಾಡಿಬಿಟ್ಟೆ. ಆ ಕಲ್ಲು ವಾಪಸ್ ಕಳಿಸು, ಜನ ನಗ್ತಾರೆ ಅಂದೆ. ಅಮ್ಮ ಪೂರ್ತಿ ಕೇಳಿಸ್ಕೊಂಡ್ಲು. ಆಮೇಲೆ, "ಅವನ ತಪ್ಪಲ್ಲ ಬಿಡು, ಗುಬ್ಬಿ" ಅಂದ್ಲು.

ಗುಬ್ಬಿ ಅಂತ ಕರೀತಿದ್ದಿದ್ದು ಅಪ್ಪ. ಅಮ್ಮ ಯಾವತ್ತೂ ಕರೆದವಳಲ್ಲ.

ಯಾಕೆ ನಗ್ತೀರ? ಹಾಗೆ ನಗಬೇಡಿ ಅಜ್ಜ. ನಿಮ್ಮ ಮುಖ ಅರ್ಧ ನಗತ್ತೆ, ಇನ್ನರ್ಧ ಸುಮ್ನೆ ನನ್ನನ್ನೇ ನೋಡ್ತಾ ಇರತ್ತೆ. ನಗದೇ ಇರೋ ಆ ಅರ್ಧ ಇದೆಯಲ್ಲ, ಅದನ್ನ ಕಂಡ್ರೆ ಭಯ ನಂಗೆ.

...ಸರಿ. ನೀವು ಯಾರಿಗೂ ಹೇಳಲ್ಲ. ಹೇಳೋಕೆ ಬರಲ್ಲ. ಅದಕ್ಕೇ ಹೇಳ್ತೀನಿ. ಅಪ್ಪ ಹಾಗೆ ಅನ್ಲಿಲ್ಲ. ಅಪ್ಪ ನನ್ನ ಹತ್ರ ಏನೂ ಅನ್ಲಿಲ್ಲ. ಫೋನ್ ಮಾಡಿದ್ದು ನಿಜ. ಹಾಸ್ಟೆಲಲ್ಲಿ ಕ್ರಿಸ್ಮಸ್ ಊಟ ನಡೀತಿತ್ತು, ಆಗಿನ್ನೂ ಇಲ್ಲಿದ್ದ ನಮ್ಮ ಭಾಷೆಯವರೇ ಆರು ಜನ ಸೇರಿದ್ವಿ, ಗಲಾಟೆ, ಫೋನು ಬ್ಯಾಗಲ್ಲಿತ್ತು, ನಂಗೆ ಕೇಳಿಸ್ಲಿಲ್ಲ. ಆಗತ್ತೆ ಅಲ್ವಾ? ಯಾರಿಗಾದ್ರೂ ಆಗತ್ತೆ.

ಒಂದು ಗಂಟೆ ಬಿಟ್ಟು ಅಮ್ಮ ಮಾಡಿದ್ಲು. ಅವಳು ಅಪ್ಪಂಗೆ ಬಿಸಿನೀರು ತರೋಕೆ ಅಂತ ಕೆಳಗೆ ಹೋಗಿದ್ಲಂತೆ, ಬರೋವಷ್ಟರಲ್ಲಿ ಮುಗಿದಿತ್ತಂತೆ. ಫೋನು ಅಪ್ಪನ ಕೈಯಲ್ಲೇ ಇತ್ತಂತೆ. ಗುಂಡಿ ಒತ್ತೋ ಹಳೇ ಫೋನು, ಅದರಲ್ಲಿ ಎತ್ತಿದ ಕರೆ ಯಾವುದು, ಎತ್ತದೇ ಇದ್ದಿದ್ದು ಯಾವುದು ಅಂತ ನೋಡೋಕೆಲ್ಲ ಅವಳಿಗೆ ಬರಲ್ಲ. "ನಿನ್ನ ಹತ್ರ ಮಾತಾಡಿದ್ರಾ?" ಅಂದ್ಲು. ಆ ದನಿ... ಆ ದನಿ ಕೇಳಿದ್ರೆ ನೀವೂ ಹೂಂ ಅಂತಿದ್ರಿ. ನಾನು ಹೂಂ ಅಂದೆ. ಹೂಂ ಅನ್ನೋದಕ್ಕೆ ಎಷ್ಟು ಹೊತ್ತು ಬೇಕು? ಆಮೇಲೆ ಕೇಳಿದ್ಲು, "ಏನಂದ್ರು?"

ಮಾತು ತಾನಾಗೇ ಬಂತು. ಕ್ರಿಸ್ಮಸ್ ದಿನ ದೇವದೂತ ಕುರುಬರಿಗೆ ಹೇಳೋ ಪಾಠ ನಮ್ಮ ಸಭೆಯಲ್ಲಿ ಪ್ರತಿ ವರ್ಷ ಓದ್ತಿದ್ದಿದ್ದು ಅಪ್ಪಾನೇ. ಹೆದರಬೇಡಿ ಅನ್ನೋ ಪಾಠ. ಅದನ್ನೇ ಸ್ವಲ್ಪ ತಿರುವಿ ಹೇಳ್ದೆ. ಅಮ್ಮ ಒಂದ್ಸಲ, "ಹಗಲು ಅಂದ್ರಾ?" ಅಂತ ಕೇಳಿದ್ಲು. ಹೂಂ ಹಗಲು, ಅಂದೆ. ಆಮೇಲೆ ಅಳೋಕೆ ಶುರು ಮಾಡಿದ್ಲು.

ನುಂಗಿ, ಬಾಯಲ್ಲಿ ಇಟ್ಕೋಬೇಡಿ.

ನಿಮ್ಮ ಹಾಸಿಗೆ ಕೆಳಗೆ ಗಾಳಿ ತುಂಬೋ ಪಂಪು ಇದೆಯಲ್ಲ, ಅದು ಗುರ್ ಅಂತ ನಡುಗಿದಾಗೆಲ್ಲ ನಂಗೆ ಜೀವ ಬಾಯಿಗೆ ಬರತ್ತೆ. ಅದೇ ಸದ್ದು. ಗುರ್... ನಿಲ್ಲತ್ತೆ... ಗುರ್... ಮರದ ಮೇಜಿನ ಮೇಲೆ ಫೋನು ನಡುಗ್ತಾ ನಡುಗ್ತಾ ಒಂದೊಂದಿಂಚೇ ಸರಿದು ತಟ್ಟೆ ಅಂಚಿಗೆ ಬಂದು ಟಿಣ್ ಅಂತ...

ಏನು? ಏನ್ ಹಾಗೆ ನೋಡ್ತೀರ?

ಬ್ಯಾಗಲ್ಲಿದ್ದಿದ್ದು ಮೇಜಿನ ಮೇಲೆ ಹೇಗೆ ಬಂತು ಅಂತ.

...ಬ್ಯಾಗಲ್ಲಿರ್ಲಿಲ್ಲ. ನನ್ನ ಕಣ್ಣೆದುರಿಗೇ ಇತ್ತು. 'ಅಪ್ಪ' ಅಂತ ಬರ್ತಿತ್ತು. ನಾನು ಅದನ್ನ ಮಗುಚಿ ಹಾಕ್ದೆ. ಅಷ್ಟಾದ್ರೂ ನಡುಗ್ತಾನೇ ಇತ್ತು, ಅಂಗೈ ಇಟ್ಟು ಒತ್ತಿ ಹಿಡ್ಕೊಂಡೆ. ನಿಲ್ಲೋವರೆಗೂ. ಇನ್ನೊಂದು ಕೈಯಲ್ಲಿ ಊಟ ಮಾಡ್ತಾನೇ ಇದ್ದೆ.

ಯಾಕೆ ಅಂತ ಕೇಳಿ. ಕೇಳೋಕೆ ಬರಲ್ಲ ನಿಮಗೆ, ಪುಣ್ಯ.

ಅಪ್ಪಂಗೆ 'ಹ' ಬರ್ತಿರ್ಲಿಲ್ಲ. ನಿಮ್ಮ ಥರಾನೇ. ಲಕ್ವ ಗಿಕ್ವ ಏನಿಲ್ಲ, ನಾಲಿಗೆ ಬೆಳೆದಿದ್ದೇ ಹಾಗೆ. ಹಾಲು ಅಂದ್ರೆ ಆಲು, ಹಬ್ಬ ಅಂದ್ರೆ ಅಬ್ಬ. ಕ್ರಿಸ್ಮಸ್ ದಿನ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಮುಂದೆ ನಿಂತು "ಎದರಬೇಡಿ" ಅಂತ ಶುರು ಮಾಡಿದ್ರೆ ಹಿಂದಿನ ಬೆಂಚಿನ ಮಕ್ಕಳೆಲ್ಲ ಕಿಸಕ್ ಅನ್ನೋರು. ಅಪ್ಪಂಗೆ ಕೇಳಿಸ್ತಿರ್ಲಿಲ್ವಾ? ಕೇಳಿಸ್ತಿತ್ತು. ನಗ್ತಾನೇ ಓದೋರು. ನಂಗೆ ಹತ್ತು ವರ್ಷ ಆಗ, ಅಂಗಡಿಯ ಕೈಗನ್ನಡಿ ತಂದು ಅಪ್ಪನ ಬಾಯಿ ಮುಂದೆ ಹಿಡಿದಿದ್ದೆ, ಹ ಅನ್ನಪ್ಪ, ಉಸಿರು ಬಿಡಪ್ಪ ಅಂತ. ಅವರು ಅ ಅನ್ನೋರು, ನಾನು ಹ ಅನ್ನೋಳು. ಕೊನೆಗೆ, "ದೇವ್ರಿಗೆ ಅರ್ಥ ಆಗತ್ತೆ ಗುಬ್ಬಿ, ಆತನ ಕಿವಿ ನಿನ್ನಷ್ಟು ಚುರುಕಿಲ್ಲ" ಅಂದ್ರು. ಮಾತಿನ ಚಿಕಿತ್ಸೆ ಕಲಿಯೋಕೆ ಇಷ್ಟು ದೂರ ಬಂದಿದ್ದು ಯಾಕೆ ಅಂತ ಇಲ್ಲಿ ಎಲ್ರೂ ಕೇಳ್ತಾರೆ. ಸೇವೆ ಅಂತೀನಿ.

ಆ ಊಟಕ್ಕೆ ಒಂದು ವಾರ ಮುಂಚೆ ಅಪ್ಪ ಫೋನ್ ಮಾಡಿದ್ರು. ನಾನು ಸ್ಪೀಕರಲ್ಲಿ ಹಾಕಿ ಬಟ್ಟೆ ಮಡಚ್ತಿದ್ದೆ. "ಅಲೋ ಗುಬ್ಬಿ, ಆಸ್ಟೆಲ್ಲಲ್ಲಿ ಒಟ್ಟೆ ತುಂಬ ಆಕ್ತಾರಾ?" ಅಂದ್ರು. ಗೆಳತೀರೆಲ್ಲ ಬಾಯಿಗೆ ದಿಂಬು ಒತ್ಕೊಂಡು ನಕ್ಕಿದ್ದೇ ನಕ್ಕಿದ್ದು. ಆಮೇಲೆ ವಾರವಿಡೀ ನನ್ನ ಹೆಸರು ಒಟ್ಟೆ. ಒಟ್ಟೆ ಬಂದ್ಲು, ಒಟ್ಟೆ ಓದ್ಲು. ನಾನೂ ನಕ್ಕೆ ಅಜ್ಜ. ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಅಪ್ಪ ಆ ಕಡೆ ಲೈನಲ್ಲೇ ಇದ್ರು.

ಅದಕ್ಕೇ ಎತ್ತಲಿಲ್ಲ. ಎತ್ತಿದ್ರೆ ಪ್ರಾರ್ಥನೆ ಮಾಡೋಣ ಅಂತಿದ್ರು, ಕ್ರಿಸ್ಮಸ್ ಅಲ್ವಾ. ಆ ಮೇಜಿನ ಮುಂದೆ, ಅವರೆಲ್ಲರ ಮುಂದೆ... ಕೈ ಬಿಡಿ ಅಜ್ಜ. ಇರಿ, ಕಣ್ಣು ಒರೆಸ್ಕೋತೀನಿ.

ಮತ್ತೆ ಫೋನ್ ಕಡೆ ಯಾಕೆ ನೋಡ್ತೀರ? ಇನ್ನೂ ಟೈಮಿದೆ.

ಇವತ್ತು ಬೆಳಿಗ್ಗೆ ಇಲ್ಲಿನ ಚರ್ಚಿಗೆ ಹೋಗಿದ್ದೆ. ಬಾಗಿಲ ಹತ್ರದ ಬೆಂಚಲ್ಲಿ ಕೂತೆ. ಇವರ ಭಾಷೆಯಲ್ಲಿ ಅದೇ ಪಾಠ ಓದಿದ್ರು, ನನ್ನ ಕಿವಿಗೆ ಬಿದ್ದಿದ್ದು ಮಾತ್ರ ಎದರಬೇಡಿ ಅಂತಾನೇ. ತಿರುಗಿ ನೋಡ್ದೆ. ಯಾರೂ ಇಲ್ಲ, ಕೋಟು ನೇತಾಕಿದ್ರು ಅಷ್ಟೇ. ಕೂಗಿದಾಗೆಲ್ಲ ದೇವರು ಎತ್ತುತ್ತಾನೆ ಅಂತ ಅಪ್ಪ ಹೇಳೋರು. ನಾನು ಕಣ್ಣು ಮುಚ್ಚಿದ್ರೆ ಏನು ಕಾಣತ್ತೆ ಗೊತ್ತಾ? ದೇವರು ಊಟಕ್ಕೆ ಕೂತಿದಾನೆ. ಮುಂದೆ ಫೋನು ಗುರ್ ಅಂತಿದೆ. ನನ್ನದೇ ಹೆಸರು ಬರ್ತಿದೆ. ಆತ ನೋಡ್ತಾನೆ, ಮಗುಚಿ ಹಾಕ್ತಾನೆ, ಅಂಗೈ ಇಟ್ಟು ಒತ್ತಿ ಹಿಡೀತಾನೆ. ಕೇಳೋಕೆ ನಂಗೆ ಯಾವ ಬಾಯಿದೆ ಹೇಳಿ?

ಅಪ್ಪ ಏನು ಹೇಳೋಕೆ ಮಾಡಿದ್ರೋ. ನೀರು ಕೇಳೋಕಾ? ಭಯ ಆಗ್ತಿದೆ ಅನ್ನೋಕಾ? ಇಡೀ ಸಭೆಗೆ ಹೆದರಬೇಡ ಅಂತ ಹಂಚಿಬಿಟ್ಟೆ ನಾನು. ಪಾಪ ಆ ಮನುಷ್ಯ ಒಬ್ಬರೇ ಹೆದರಿಕೊಂಡು ಫೋನ್ ಮಾಡಿದ್ರೇನೋ.

ಹೇಳ್ಬಿಡಲಾ ಅಜ್ಜ? ಮೈಕಲ್ಲೇ? ಅಪ್ಪ ಏನೂ ಹೇಳ್ಲಿಲ್ಲ, ನಾನು ಎತ್ತಲೇ ಇಲ್ಲ ಅಂತ?

ಅಯ್ಯೋ, ಯಾಕೆ ಕೈ ಹೀಗೆ ಎಳೀತೀರ... ಏನು? ಏನು ತೋರಿಸ್ತೀರ? ಫೋನಾ?

ಹಾಡು.

ಹಾಡು ಯಾವಾಗ ನಿಂತಿತು?

ಮುಗಿದಿರ್ಬೇಕು. ಆದ್ರೆ ಪಾಸ್ಟರ್ ದನಿ ಇಲ್ಲ, ಯಾರೂ ಕೆಮ್ತಾನೂ ಇಲ್ಲ... ಕಾಗೆ ಕೂಗ್ತಿವೆ. ಚರ್ಚಿನೊಳಗೆ ಕಾಗೆ ಎಲ್ಲಿಂದ ಬಂತು. ಈ ಗ್ಲೌಸು... ಇರಿ... ಮ್ಯೂಟ್... ಮ್ಯೂಟ್ ಆಗೇ ಇಲ್ಲ.

ಅಮ್ಮಾ?

ಅಮ್ಮ, ಲೈನಲ್ಲಿದೀಯಾ? ಉಸಿರು ಕೇಳಿಸ್ತಿದೆ. ಹೊರಗೆ ಬಂದಿದೀಯ ಅಲ್ವಾ. ಸಭೆಯವರಿಗೆ ಕೇಳಿಸಬಾರ್ದು ಅಂತ ಫೋನ್ ತಗೊಂಡು ಹೊರಗೆ ಬಂದ್ಬಿಟ್ಟಿದೀಯ. ಯಾವಾಗ ಬಂದೆ? ಬ್ಯಾಗಲ್ಲಿತ್ತು ಅಂದ್ನಲ್ಲ, ಆಗ್ಲಾ? ಅದಕ್ಕೂ ಮುಂಚೆನಾ?

ಬೈಯಮ್ಮ. ಏನಾದ್ರೂ ಅನ್ನು. ಅಳ್ತಿದೀಯಾ?

ಅಳ್ತಾನೂ ಇಲ್ಲ. ನಿಂಗೆ... ನಿಂಗೆ ಆಶ್ಚರ್ಯಾನೇ ಆಗಿಲ್ಲ.

ಸಮಾಧಿ ಹತ್ರ ನಿಂತಿದೀಯಾ? ಅಮ್ಮ, ಆ ಕಲ್ಲು... 'ಎದರಬೇಡ ಮಗಳೇ, ಅಗಲು ಅತ್ತಿರ ಇದೆ.' ಹಗಲು ಹೋಗಿ ಅಗಲು ಆಗಿದೆ, ಬಿಟ್ಟು ಹೋಗು ಅಂದ ಹಾಗಾಯ್ತು ಅಂತ ನಿನ್ನೆ ಕೂಗಾಡ್ದೆ ನಿನ್ನ ಮೇಲೆ. ಅವನ ತಪ್ಪಲ್ಲ ಅಂದೆ ನೀನು. ಕೆತ್ತೋನಿಗೆ ಹಾಗೇ ಬರೆದುಕೊಟ್ಟಿದ್ದು ನೀನಾ?

"ಹಗಲು ಅಂದ್ರಾ?" ಅಂತ ಕೇಳಿದೆಯಲ್ಲ ಆವತ್ತು. ಅಪ್ಪನ ಬಾಯಲ್ಲಿ ಬರ್ತಿದ್ದಿದ್ದು ಅಗಲು... ನಂದು ಸುಳ್ಳು ಅಂತ ಆಗ್ಲೇ ಗೊತ್ತಾಗಿತ್ತಾ?

ಒಳಗೆ ಪಾಸ್ಟರ್ ಕರೀತಿದಾರೆ, ದೂರದಲ್ಲಿ ಕೇಳಿಸ್ತಿದೆ. ನನ್ನ ಹೆಸರೇ. ಎರಡನೇ ಸಲ ಕರೆದ್ರು. ಯಾಕೆ ನಿಂತಲ್ಲೇ ನಿಂತಿದೀಯ? ಒಳಗೆ ನಡಿ ಅಮ್ಮ. ಮೈಕಿಗೆ ಹಿಡಿ. ಹೇಳ್ತೀನಿ, ಎಲ್ಲರ ಮುಂದೇನೂ ಹೇಳ್ತೀನಿ, ಅಪ್ಪ ಏನೂ ಅನ್ಲಿಲ್ಲ ಅಂತ...

ಅಮ್ಮ?

ನಿಜ ಹೇಳೋದು ಬೇಡ್ವಾ?